ಊಟದ ಎಡೆ, ಮಗುವಿನ ನಡೆ

ಮಗು ಮನೆಯಲ್ಲಿ ಹೇಗೆ ಉಣ್ಣುತ್ತದೆಂಬುದು ತಾಯಿಗೆ ಮಾತ್ರ ತಿಳಿದ ಸಂಗತಿ. ಅದು ಅನ್ನವನ್ನು ಚೆಲ್ಲಲಿ, ತಾಟನ್ನು ತಳ್ಳಲಿ, ರೊಟ್ಟಿಯ ಅಂಚನ್ನು ಮುರಿದು ಬೆಕ್ಕಿಗೆ ಹಾಕಲಿ, ನಾಲ್ಕು ಗೋಡೆಗಳ ಒಳಗೆ ಅದೆಲ್ಲವೂ ಬಾಲಲೀಲೆಯೆಂದೇ ಎಣಿಸಲ್ಪಡುತ್ತದೆ. ಅದೇ ಮಗುವನ್ನು ಪೇಟೆಯ ಹೋಟೆಲಿಗೆ ಕರೆದೊಯ್ದ ದಿನ ಮನೆತನದ ಸಂಸ್ಕಾರವೆಲ್ಲ ಮೇಜಿನ ಮೇಲೆ ಬಡಿಸಿಟ್ಟಂತೆ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ತಂದೆತಾಯಿಗಳು ಆಗ ನಾಚುವರು, ಇಲ್ಲವೆ ಸಿಟ್ಟಿಗೇಳುವರು. ಈ ಎರಡರಲ್ಲಿ ಯಾವುದೂ ಮಗುವಿಗೆ ಪಾಠವಾಗುವುದಿಲ್ಲ.

ಎರಡು ತಲೆಮಾರುಗಳ ಹಿಂದೆ ಕಬ್ಬೂರಿನಂಥ ಊರುಗಳಲ್ಲಿ ಈ ಪ್ರಶ್ನೆ ಅಪರೂಪವಾಗಿ ಹುಟ್ಟುತ್ತಿದ್ದಿತು. ಹೊರಗೆ ಉಣ್ಣುವುದೆಂದರೆ ಬುತ್ತಿ ಬಿಚ್ಚುವುದೆಂದೇ ಅರ್ಥ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೊರಟವರು ಗಿಡದ ನೆರಳು ಕಂಡಲ್ಲಿ ಎತ್ತು ಬಿಟ್ಟು, ಬಟ್ಟೆಯ ಗಂಟು ಬಿಚ್ಚಿ, ಖಡಕ್ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯನ್ನೂ ಉಳ್ಳಾಗಡ್ಡಿಯನ್ನೂ ಇಟ್ಟುಕೊಂಡು ಉಣ್ಣುತ್ತಿದ್ದರು. ದಾರಿಹೋಕನೊಬ್ಬ ಹಾದರೆ “ಬರ್ರಿ, ಒಂದ ತುತ್ತ ಉಣ್ರಿ” ಎಂಬ ಮಾತು ತಾನಾಗಿ ಬಾಯಿಂದ ಬರುತ್ತಿದ್ದಿತು. ಮಗು ಅದನ್ನು ಕೇಳುತ್ತ ಬೆಳೆಯುತ್ತಿದ್ದಿತು. ಇಂದು ಕಾಲ ಬೇರೆಯಾಗಿದೆ. ಅರಿವೆ ಕೊಳ್ಳಲು ಚಿಕ್ಕೋಡಿಗೆ ಹೋದರೂ, ದವಾಖಾನೆಗೆಂದು ಬೆಳಗಾವಿಗೆ ಹೋದರೂ, ನಡುವೆ ಹೋಟೆಲಿನ ಊಟ ಇದ್ದೇ ಇರುತ್ತದೆ. ಹುಟ್ಟುಹಬ್ಬಕ್ಕೆ ಹೋಟೆಲಿಗೇ ಹೋಗಬೇಕೆಂದು ಹಟ ಹಿಡಿಯುವ ಮಕ್ಕಳು ಹಳ್ಳಿಗಳಲ್ಲಿಯೂ ಇದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬುತ್ತಿಯ ಕಾಲದಲ್ಲಿ ತಾನಾಗಿ ಬರುತ್ತಿದ್ದ ನಡೆಯನ್ನು ಈಗ ಯಾರಾದರೂ ಕಲಿಸಬೇಕಾಗಿದೆ. ಅದನ್ನು ಯಾರು ಕಲಿಸಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ತಂದೆತಾಯಿಗಳು ಶಾಲೆಯತ್ತ ನೋಡುತ್ತಾರೆ, ಶಾಲೆಯವರು ಮನೆಯತ್ತ ನೋಡುತ್ತಾರೆ.

ಯಾವ ಪೇಟೆಯಲ್ಲಿಯಾದರೂ ಕಾಣಬಹುದಾದ ನೋಟವಿದು. ಮಧ್ಯಾಹ್ನದ ಹೊತ್ತು, ಹೋಟೆಲು ತುಂಬಿದೆ. ಏಳೆಂಟು ವರ್ಷದ ಬಾಲಕನೊಬ್ಬ ಕುರ್ಚಿಯಿಂದ ಜಿಗಿದು ಮೇಜುಗಳ ನಡುವೆ ಓಡುತ್ತಾನೆ. ಬಿಸಿ ಸಾಂಬಾರಿನ ಬಕೀಟು ಹಿಡಿದು ಬರುತ್ತಿದ್ದ ಸಪ್ಲಾಯರ್ ತಟ್ಟನೆ ಹಿಂದೆ ಸರಿಯುತ್ತಾನೆ. ಎರಡು ಹನಿ ನೆಲಕ್ಕೆ ಬೀಳುತ್ತವೆ, ಒಂದು ಹನಿ ಅವನ ಮುಂಗೈ ಮೇಲೆ. ತಂದೆ ತಲೆಯೆತ್ತಿ “ಯಾಕೋ, ಕಣ್ಣ ಕಾಣಂಗಿಲ್ಲೇನ?” ಎನ್ನುತ್ತಾನೆ. ಮಗನಿಗಲ್ಲ, ಸಪ್ಲಾಯರನಿಗೆ. ಪಕ್ಕದ ಮೇಜಿನ ಹಿರಿಯರು ಮೆಲ್ಲಗೆ ಮಗುವಿನತ್ತ ಕೈತೋರಿಸಿದರೆ “ರೊಕ್ಕಾ ಕೊಟ್ಟ ಉಣ್ಣಾಕ ಬಂದೀವ್ರಿ, ಪುಕ್ಕಟ ಅಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಬಾಲಕ ಅಂದು ಕಲಿತದ್ದು ಓಡಬಾರದೆಂಬುದನ್ನಲ್ಲ. ರೊಕ್ಕ ಕೊಟ್ಟವನು ಓಡಬಹುದು, ಸುಟ್ಟುಕೊಂಡವನು ಸುಮ್ಮನಿರಬೇಕು ಎಂಬುದನ್ನು. ಇಂಥ ಪಾಠವನ್ನು ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ. ಮಗ್ಗಿಯಂತೆ ಮತ್ತೆ ಮತ್ತೆ ಒಪ್ಪಿಸಬೇಕಾಗಿಲ್ಲ.

ಈ ರೊಕ್ಕದ ಮಾತಿನ ಬೇರು ಪದದಲ್ಲಿಯೇ ಇದೆಯೆಂಬುದು ಕುತೂಹಲದ ವಿಷಯ. ಈ ಭಾಗದ ಪ್ರತಿಯೊಂದು ಪೇಟೆಯಲ್ಲಿಯೂ ಒಂದಾದರೂ ಬಸವೇಶ್ವರ ಖಾನಾವಳಿ ಇರುತ್ತದೆ. ‘ಖಾನಾವಳಿ’ ಎಂಬುದು ಮರಾಠಿಯ ‘ಖಾಣಾವಳ’ದಿಂದ ಬಂದ ಶಬ್ದ. ಸಂಸ್ಕೃತ ಬಲ್ಲವರು ಕೇಳಿದ ಕೂಡಲೆ ‘ಆವಳಿ’ ಎಂದರೆ ಸಾಲು, ಆದುದರಿಂದ ಉಣ್ಣುವವರ ಸಾಲು ಎಂದು ಅರ್ಥ ಹೇಳಿಬಿಡುವುದುಂಟು. ಕೇಳಲು ಇಂಪಾಗಿದ್ದರೂ ಅದು ಸರಿಯಲ್ಲ. ಮರಾಠಿಯಲ್ಲಿ ಈ ಪ್ರತ್ಯಯವು ಕೂಲಿಯನ್ನು, ತೆರಬೇಕಾದ ಹಣವನ್ನು ಸೂಚಿಸುತ್ತದೆ. ಬೀಸಿಕೊಟ್ಟುದಕ್ಕೆ ಕೊಡುವ ಕೂಲಿ ‘ದಳಣಾವಳ’, ಬಟ್ಟೆ ಒಗೆದುದಕ್ಕೆ ಕೊಡುವುದು ‘ಧುಣಾವಳ’. ಅದರಂತೆ ಉಂಡುದಕ್ಕೆ ತೆರುವ ಹಣವೇ ಮೊದಲು ‘ಖಾಣಾವಳ’ವಾಗಿ, ಆಮೇಲೆ ಹಣ ತೆತ್ತು ಉಣ್ಣುವ ಸ್ಥಳಕ್ಕೂ ಅದೇ ಹೆಸರು ನಿಂತಿತು. ಹೀಗೆ ಹಣವು ಖಾನಾವಳಿಯ ಹೆಸರಿನಲ್ಲಿಯೇ ಕುಳಿತಿದೆ.

ಇದಕ್ಕೆ ಎದುರಾಗಿ ಕನ್ನಡದ ‘ಎಡೆ’ ಎಂಬ ಮಾತನ್ನು ಇಟ್ಟು ನೋಡಬೇಕು. ಎಡೆ ಎಂದರೆ ಸ್ಥಳ. ಎಡೆ ಎಂದರೆ ಬಡಿಸಿಟ್ಟ ಊಟ. ಎಡೆಗೊಡು ಎಂದರೆ ಅವಕಾಶ ಮಾಡಿಕೊಡು. ಒಬ್ಬನಿಗೆ ಉಣಬಡಿಸುವುದೂ ಅವನಿಗೆ ಸ್ಥಳ ಮಾಡಿಕೊಡುವುದೂ ಕನ್ನಡಿಗನ ನಾಲಗೆಯಲ್ಲಿ ಒಂದೇ ಮಾತು. ಸಾರ್ವಜನಿಕ ಶಿಷ್ಟಾಚಾರವೆಂದು ದೊಡ್ಡ ಹೆಸರಿನಿಂದ ಕರೆಯುವ ಸಂಗತಿಯನ್ನು ಮಕ್ಕಳಿಗೆ ಹೇಳಿಕೊಡಲು ಈ ಒಂದು ಶಬ್ದ ಸಾಕು. ಹೋಟೆಲಿನಲ್ಲಿ ಕೂಗಾಡುವ ಮಗು ಪಕ್ಕದವರ ಮಾತಿಗೆ ಎಡೆ ಕೊಡುವುದಿಲ್ಲ, ಓಡಾಡುವ ಮಗು ಬಡಿಸುವವನ ಕಾಲಿಗೆ ಎಡೆ ಕೊಡುವುದಿಲ್ಲ. ಉಂಡು ಮುಗಿದ ಮೇಲೂ ಅರ್ಧ ತಾಸು ಕುಳಿತು ಹರಟುವ ಹಿರಿಯರು ನಿಂತು ಕಾಯುವವರಿಗೆ ಎಡೆ ಕೊಡುವುದಿಲ್ಲ. ಈ ಕೊನೆಯ ಮಾತನ್ನು ತಂದೆತಾಯಿಗಳ ಸಭೆಯಲ್ಲಿ ಯಾರೂ ಎತ್ತುವುದಿಲ್ಲ ಎಂಬುದು ಬೇರೆ ಮಾತು.

ಮಠದ ಪ್ರಸಾದ ನಿಲಯಗಳಲ್ಲಿ ಬೆಳೆದ ಹುಡುಗರಿಗೆ ಎಡೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಮಹಾಸ್ವಾಮಿಗಳವರು ನಡೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಇದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಉಣ್ಣುವ ನೋಟವನ್ನು ಕಾಣದವರು ವಿರಳ. ಅಲ್ಲಿ ಪಂಕ್ತಿಯೇ ಗುರು. ಎಲ್ಲರಿಗೂ ಬಡಿಸುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಮುಂದಿನವನು ಏಳುವ ತನಕ ಹಿಂದಿನವನು ಏಳುವಂತಿಲ್ಲ. ಬೇಕಾದಷ್ಟನ್ನು ಕೇಳಿ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡುದನ್ನು ಬಿಡಬಾರದು. ಉಂಡ ತಾಟನ್ನು ಉಂಡವನೇ ತೊಳೆಯಬೇಕು. ಪಂಕ್ತಿ ಎಂಬ ಶಬ್ದ ಐದು ಎಂಬ ಎಣಿಕೆಯಿಂದ ಹುಟ್ಟಿದ್ದು; ವೇದದಲ್ಲಿ ಐದು ಪಾದಗಳ ಒಂದು ಛಂದಸ್ಸಿಗೆ ಈ ಹೆಸರಿದೆ. ಛಂದಸ್ಸಿನಲ್ಲಿ ಒಂದು ಪಾದ ಮುಂದೆ ಓಡಿದರೆ ಪದ್ಯ ಕೆಡುವಂತೆ ಸಾಲಿನಲ್ಲಿ ಒಬ್ಬ ಅವಸರಪಟ್ಟರೆ ಪಂಕ್ತಿ ಕೆಡುತ್ತದೆ. ಹಳ್ಳಿಯವರು ಅದನ್ನೇ ಪಂಗತಿ ಎಂದು ಕರೆದು, ಛಂದಸ್ಸಿನ ಗೊಡವೆಯಿಲ್ಲದೆ, ಹುಗ್ಗಿಯ ಸೌಟಿನ ಲಯದಲ್ಲಿಯೇ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆದರೆ ಮಠದ ಪಂಕ್ತಿಯ ನಡೆಯನ್ನು ಹಾಗೆಯೇ ಹೋಟೆಲಿಗೆ ಒಯ್ದರೆ ಸಾಗದು. ಇದಕ್ಕೆ ಒಂದು ಉದಾಹರಣೆ ಸಾಕು. ಲಿಂಗಾಯತರ ಮನೆಗಳಲ್ಲಿ ಅಡ್ಡಣಿಗೆಯ ಮೇಲಿನ ತಾಟಿನಲ್ಲಿ ಉಂಡು, ಅದರಲ್ಲಿಯೇ ನೀರು ಹಾಕಿ ತೊಳೆದು, ಆ ನೀರನ್ನು ಕುಡಿದು ಏಳುವ ಹಿರಿಯರು ಇದ್ದರು. ಪ್ರಸಾದದ ಒಂದು ಅಗುಳೂ ಹಾಳಾಗಬಾರದೆಂಬ ನಿಷ್ಠೆ ಅದು. ಈಗ ಕುಡಿಯುವುದು ಬಿಟ್ಟುಹೋಗಿ ತೊಳೆಯುವುದು ಮಾತ್ರ ಉಳಿದಿದೆ. ಕೈ ತೊಳೆಯಲು ನಲ್ಲಿಯಿದ್ದರೂ ಹೋಟೆಲಿನ ತಾಟಿನಲ್ಲಿಯೇ ಕೈ ತೊಳೆದು, ಎಂಜಲ ನೀರನ್ನು ತುಂಬಿ ತುಳುಕುವಂತೆ ಬಿಟ್ಟು ಏಳುವರು. ತಂದೆ ಹಾಗೆ ಮಾಡಿದುದನ್ನು ಕಂಡ ಮಗುವೂ ಹಾಗೆಯೇ ಮಾಡುವುದು. ಆ ತಾಟನ್ನು ಎತ್ತುವವನು ಅದನ್ನು ಮೈಮೇಲೆ ಚೆಲ್ಲಿಕೊಳ್ಳದಂತೆ ಎರಡು ಕೈಯಲ್ಲಿ ಹಿಡಿದು ನಡೆಯಬೇಕು. ಒಂದು ಕಾಲದಲ್ಲಿ ಅನ್ನದ ಮೇಲಿನ ಗೌರವವಾಗಿದ್ದ ಕ್ರಿಯೆ, ಅರ್ಥ ಕಳಚಿಕೊಂಡ ಮೇಲೆ, ಇನ್ನೊಬ್ಬನ ಮೇಲಿನ ಅಗೌರವವಾಗಿ ನಿಂತಿದೆ.

ಹೋಟೆಲು ಎಲ್ಲರಿಗೂ ಸೇರಿದ ಸ್ಥಳವಾದದ್ದೂ ಬಹಳ ಹಿಂದಿನ ಮಾತಲ್ಲ. ಹಳೆಯ ಹೋಟೆಲುಗಳಲ್ಲಿ ಜಾತಿಗೊಂದು ಕೋಣೆ, ಹೊರಗಿನವರಿಗೆ ಹೊರಗೇ ತೂಗುಹಾಕಿದ ಬಟ್ಟಲು ಇರುತ್ತಿದ್ದುದನ್ನು ಮುದುಕರು ಇಂದಿಗೂ ಹೇಳುವರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿ ಮತಗಳ ಅಡ್ಡಿ ಇರಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿ ಇಟ್ಟಿರುವ ಪಾತ್ರೆಗಳನ್ನು ಬಳಸದಂತೆ ತಡೆಯುವುದನ್ನೂ ಅಪರಾಧವೆಂದು ಸಾರಿತು. 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರು. ಒಂದು ದೇಶದ ಸಂವಿಧಾನ ಹೋಟೆಲಿನ ಮಾತನ್ನು ಎತ್ತಬೇಕಾಗಿ ಬಂದುದನ್ನು ಮಕ್ಕಳಿಗೆ ಪೌರನೀತಿಯ ತರಗತಿಯಲ್ಲಿ ಹೇಳಿದರೆ ಅವರು ಬೆರಗಾಗುವರು. ಒಳಗೆ ಕಾಲಿಡುವ ಹಕ್ಕಿಗಾಗಿ ಜನ ಇಷ್ಟು ಹೋರಾಡಿದ ಸ್ಥಳದಲ್ಲಿ ಒಳಗೆ ಕುಳಿತವರು ಹೇಗೆ ಕುಳಿತಿರಬೇಕೆಂಬ ವಿಚಾರಕ್ಕೂ ಆಗ ತೂಕ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಈ ಕಡೆಗೆ ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಮಕ್ಕಳು ಚಹದ ಅಂಗಡಿಯ ಮುಂದೆ ನಿಂತು ಒಳಗೆ ಬರಲು ಹಿಂಜರಿಯುವಾಗ, ಒಳಗಿನ ಬಾಕಿನ ಮೇಲೆ ಕುಳಿತ ಊರ ಮಗು ಸ್ವಲ್ಪ ಸರಿದು ಕುಳಿತರೆ ಅದು ಸಂವಿಧಾನದ ಪಾಠವೇ ಸರಿ.

ಗಿರಾಕಿಗಳಿಗೆ ನಡತೆ ಕಲಿಸಲು ಹೊರಟ ಹೋಟೆಲಿಗನೊಬ್ಬನ ಕಥೆ ಕನ್ನಡನಾಡಿನಲ್ಲಿಯೇ ಉಂಟು. ಉಡುಪಿಯ ಕಡೆಯಿಂದ ಬಂದ ಮೈಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಒಂದು ಕಾಫಿ ಕ್ಲಬ್ಬನ್ನು ತೆರೆದರು. ಆಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಅವರಲ್ಲಿ ಯಜ್ಞನಾರಾಯಣ ಮೈಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಕಣ್ಣಾರೆ ಕಂಡು ಬಂದರು. ಬಂದವರು ಪಾತ್ರೆಗಳನ್ನು ಕುದಿನೀರಿನ ಶಾಖದಿಂದ ಶುದ್ಧಗೊಳಿಸುವ ಪದ್ಧತಿಯನ್ನು ತಂದರು. ಅಷ್ಟಕ್ಕೆ ನಿಲ್ಲದೆ, ಊಟದ ರೀತಿ, ಬದುಕಿನ ಒಳ್ಳೆಯ ಅಭ್ಯಾಸಗಳು ಇವನ್ನು ಕುರಿತು ಸಣ್ಣ ಪುಸ್ತಿಕೆಗಳನ್ನು ಗಿರಾಕಿಗಳಿಗೆ ಹಂಚಿದರು. 1960ರಲ್ಲಿ ಆ ಹೋಟೆಲಿಗೆ ಮಾವಳ್ಳಿ ಟಿಫನ್ ರೂಮ್ಸ್ ಎಂದು ಹೆಸರಾಯಿತು. ದೋಸೆ ತಿನ್ನಲು ಬಂದವನ ಕೈಗೆ ಪುಸ್ತಿಕೆ ಕೊಡುವ ಧೈರ್ಯ ಇಂದು ಎಷ್ಟು ಜನ ಹೋಟೆಲಿಗರಿಗೆ ಇದ್ದೀತು? ಕೊಟ್ಟರೂ ಅದರ ಮೇಲೆ ಕೈ ಒರಸಿ ಎಸೆಯುವವರು ಇದ್ದಾರು. ಆದರೂ ಒಂದು ವಿಷಯ ಗಮನಿಸತಕ್ಕದ್ದು. ಮೈಯರು ಮೊದಲು ತಮ್ಮ ಪಾತ್ರೆಗಳನ್ನು ಶುದ್ಧ ಮಾಡಿಕೊಂಡರು; ಗಿರಾಕಿಗಳ ಅಭ್ಯಾಸದ ಮಾತು ಅದರ ಜೊತೆಗೆ ಬಂದಿತು. ಮಕ್ಕಳಿಗೆ ಬುದ್ಧಿ ಹೇಳುವವರಿಗೆ ಈ ಕ್ರಮ ತಿಳಿದಿರಬೇಕು.

ಯುರೋಪಿನವರಾದರೂ ಇದನ್ನು ಹುಟ್ಟಿನಿಂದ ಪಡೆದು ಬಂದವರಲ್ಲ. 1530ರಲ್ಲಿ ಎರಾಸ್ಮಸ್ ಎಂಬ ಮಹಾವಿದ್ವಾಂಸನು ಮಕ್ಕಳ ನಡತೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಪುಟ್ಟ ಗ್ರಂಥ ಬರೆದನು. ಮೂಗು ಒರಸುವುದರಿಂದ ಹಿಡಿದು ಪಂಕ್ತಿಯಲ್ಲಿ ಕೈ ಚಾಚುವುದರ ವರೆಗೆ ಅದರಲ್ಲಿ ಉಪದೇಶವಿದೆ. ಅಂಥ ಗ್ರಂಥ ಬೇಕಾಯಿತೆಂದರೆ ಅಲ್ಲಿಯ ಮಕ್ಕಳೂ ಅಂಗಿಯ ತೋಳಿಗೆ ಮೂಗು ಒರಸಿಕೊಳ್ಳುತ್ತಿದ್ದರೆಂದೇ ತಿಳಿಯಬೇಕು. ಜಪಾನಿನ ಶಾಲೆಗಳಲ್ಲಿ ಉಪದೇಶಕ್ಕಿಂತ ಕೆಲಸಕ್ಕೆ ಬೆಲೆ. ಮಧ್ಯಾಹ್ನದ ಊಟವನ್ನು ಸರದಿಯ ಮಕ್ಕಳೇ ಬಿಳಿಯ ಮೇಲಂಗಿ, ಟೊಪ್ಪಿಗೆ ಧರಿಸಿ ಸಹಪಾಠಿಗಳಿಗೆ ಬಡಿಸುತ್ತಾರೆ, ಉಂಡ ಮೇಲೆ ತರಗತಿಯನ್ನು ತಾವೇ ಗುಡಿಸುತ್ತಾರೆ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಅಂದವಾದ ಹೆಸರನ್ನು ಇಡಲಾಯಿತು. ಹೆಸರಿಟ್ಟವರು ದೊಡ್ಡವರು. ಆದರೆ ದಾಸೋಹದಲ್ಲಿ ಉಣ್ಣುವುದರಷ್ಟೇ ಬಡಿಸುವುದೂ ಇದೆ. ಒಮ್ಮೆ ಸೌಟು ಹಿಡಿದು ನಲವತ್ತು ತಾಟುಗಳಿಗೆ ಸಮನಾಗಿ ಸಾರು ಹಾಕಿ ನೋಡಿದ ಹುಡುಗ, ಆಮೇಲೆ ಹೋಟೆಲಿನಲ್ಲಿ ಬಕೀಟು ಹಿಡಿದವನ ದಾರಿಗೆ ಅಡ್ಡ ಬರುವುದು ಕಡಿಮೆ.

ಇನ್ನು, ಮೇಜಿನ ಈಚೆಗೆ ಕುಳಿತ ಮಗುವಿನ ಮಾತಾಯಿತು. ಆಚೆಗೆ ನಿಂತ ಮಗುವಿನ ಮಾತನ್ನು ಬಿಡುವಂತಿಲ್ಲ. ಬಹುಕಾಲದ ವರೆಗೆ ಹೋಟೆಲುಗಳಲ್ಲಿ ಮೇಜು ಒರಸುತ್ತಿದ್ದವರು ಮಕ್ಕಳೇ. ಕರಾವಳಿಯಿಂದ ಹತ್ತು ಹನ್ನೆರಡರ ಹರೆಯದಲ್ಲಿ ಮನೆ ಬಿಟ್ಟು ಮುಂಬಯಿ ಸೇರಿ ಹೋಟೆಲಿನಲ್ಲಿ ಲೋಟ ತೊಳೆಯುತ್ತ, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಓದಿ ಮುಂದೆ ಬಂದವರ ಸಂಖ್ಯೆ ಅಲ್ಪವಲ್ಲ. ಆ ರಾತ್ರಿಶಾಲೆಗಳ ಉಪಾಧ್ಯಾಯರು ನಾಡಿಗೆ ಮಾಡಿದ ಉಪಕಾರಕ್ಕೆ ಬೆಲೆ ಕಟ್ಟಲಾಗದು. ಮುಂದೆ ಬಂದವರ ಕಥೆಯನ್ನು ಎಲ್ಲರೂ ಹೇಳುವರು, ಲೋಟ ತೊಳೆಯುತ್ತಲೇ ಉಳಿದವರ ಕಥೆಯನ್ನು ಕೇಳಿದವರಿಲ್ಲ. 1986ರಲ್ಲಿ ಬಾಲಕಾರ್ಮಿಕ ಕಾಯಿದೆ ಬಂದಾಗಲೂ ಹೋಟೆಲಿನ ಕೆಲಸ ನಿಷಿದ್ಧ ಪಟ್ಟಿಯ ಹೊರಗೇ ಉಳಿಯಿತು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಚಹದ ಅಂಗಡಿಗಳಲ್ಲಿಯೂ ಮನೆಗೆಲಸದಲ್ಲಿಯೂ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಲಾಯಿತು. 2016ರ ತಿದ್ದುಪಡಿಯಿಂದ, ಮನೆತನದ ಕಸುಬಿನಂಥ ಕೆಲವೇ ವಿನಾಯಿತಿಗಳ ಹೊರತು, ಯಾವ ಉದ್ಯೋಗದಲ್ಲಿಯೂ ಅದು ಸಲ್ಲದು.

ಕಾಯಿದೆ ಬಂದ ಮೇಲೆ ಪೇಟೆಯ ದೊಡ್ಡ ಹೋಟೆಲುಗಳಲ್ಲಿ ಚಿಕ್ಕ ಹುಡುಗರು ಕಾಣುವುದು ಬಹಳ ಕಡಿಮೆಯಾಗಿದೆ. ರಸ್ತೆಬದಿಯ ಗಾಡಿಗಳ ಹಿಂದೆ, ಸಂಜೆಯ ಹೊತ್ತು, ಇಂದಿಗೂ ಒಮ್ಮೊಮ್ಮೆ ಕಾಣುವರು. ಐದನೆಯ ಇಯತ್ತೆಯ ಹುಡುಗನೊಬ್ಬ ತಂದೆಯೊಡನೆ ಭಜಿ ತಿನ್ನಲು ನಿಂತಾಗ, ತನ್ನದೇ ಎತ್ತರದ ಇನ್ನೊಬ್ಬ ಬಕೀಟಿನಲ್ಲಿ ತಾಟು ಅದ್ದುತ್ತಿರುವುದನ್ನು ನೋಡುತ್ತಾನೆ. ಇಬ್ಬರ ಕಣ್ಣೂ ಕೂಡುತ್ತವೆ. ಆಗ ತಂದೆ ಏನು ಹೇಳುತ್ತಾನೆ? “ಸಾಲಿ ಕಲೀಲಿಲ್ಲಂದ್ರ ನಿನಗೂ ಹಿಂಗ ಆಗತೈತಿ ನೋಡ” ಎನ್ನುವ ತಂದೆಗಳೇ ಹೆಚ್ಚು. ಓದಿಗೆ ಹುರಿದುಂಬಿಸುವ ಮಾತೆಂದು ಅವರು ತಿಳಿದಿರುತ್ತಾರೆ. ಆ ಮಾತು ತಾಟು ಅದ್ದುವವನ ಕಿವಿಗೂ ಬೀಳುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ನೆಲದಲ್ಲಿ, ದುಡಿಯುವವನನ್ನೇ ಬೆರಳಿಟ್ಟು ತೋರಿಸಿ ಮಗುವಿಗೆ ಹೆದರಿಕೆ ಹುಟ್ಟಿಸುವುದು ಎಂಥ ಶಿಕ್ಷಣ! ಆ ಹುಡುಗ ಅಲ್ಲಿರುವುದು ಓದದೆ ಹೋದುದರ ಶಿಕ್ಷೆಗಾಗಿ ಅಲ್ಲ. ಅವನ ಮನೆಯಲ್ಲಿ ಗಂಜಿಗೆ ಗತಿಯಿಲ್ಲದುದಕ್ಕಾಗಿ. “ಇವನು ಶಾಲೆಯಲ್ಲಿ ಇರಬೇಕಾಗಿತ್ತು” ಎಂದು ಗಾಡಿಯವನಿಗೆ ಕೇಳುವಂತೆ ಹೇಳಿದ್ದರೆ ಮಗನೂ ಬೇರೆಯದೊಂದು ಪಾಠ ಕಲಿಯುತ್ತಿದ್ದ, ಆ ಹುಡುಗನ ಕಿವಿಗೆ ಬೀಳುವ ಮಾತೂ ಬೇರೆಯಾಗುತ್ತಿದ್ದಿತು.

ಇದೇ ಬಗೆಯ ಇನ್ನೊಂದು ರೂಢಿಯುಂಟು. ಅಳುವ ಮಗುವನ್ನು ಸುಮ್ಮನಿರಿಸಲು “ಸುಮ್ನ ಕೂಡು, ಹೋಟೆಲ್ ಮಾಮಾ ಬಂದ ಹೊಡೀತಾನ” ಎಂದು ಗದರಿಸುವುದು. ನೀರು ತಂದಿಡುವ ಬಡಪಾಯಿಯನ್ನು ಗುಮ್ಮನನ್ನಾಗಿ ಮಾಡಿದ ಮೇಲೆ ಮಗು ಅವನ ಮುಖ ನೋಡಿ ನೀರು ಕೇಳುವುದೆಂತು? ಮಕ್ಕಳು ಗದ್ದಲ ಮಾಡುವುದು ಸ್ವಭಾವ. ಮೂರು ವರ್ಷದ ಕೂಸು ಹಸಿದು ಅತ್ತರೆ ಅದನ್ನು ನಡತೆಗೇಡಿಯೆಂದು ಹುಬ್ಬುಗಂಟಿಕ್ಕುವ ಪಕ್ಕದ ಮೇಜಿನವರೇ ಶಿಷ್ಟಾಚಾರ ತಿಳಿಯದವರು. ತಿಂಡಿ ಬರುವ ತನಕ ಆ ಕೂಸಿನೊಡನೆ ಮಾತಾಡುವವರು ಯಾರಾದರೂ ಇದ್ದರೆ ಅದು ಬಹಳ ಹೊತ್ತು ಅಳುವುದಿಲ್ಲ. ಈಚೆಗೆ ಮಾತಿನ ಬದಲು ಮೊಬೈಲನ್ನು ಕೈಗೆ ಕೊಡುವುದು ರೂಢಿಯಾಗಿದೆ. ಮಗು ಸುಮ್ಮನಾಗುತ್ತದೆ, ನಿಜ. ಅದರ ಬಾಯಿಗೆ ತುತ್ತು ಇಟ್ಟವರು ಯಾರು, ತುತ್ತಿನ ರುಚಿಯೇನು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಮೊಬೈಲಿನ ಸದ್ದು ಮಾತ್ರ ಇಡೀ ಹೋಟೆಲಿಗೆ ತಿಳಿಯುತ್ತದೆ. ಕೂಸಿನ ಅಳುವಿಗಿಂತ ಅದು ಕಿವಿಗೆ ಹಿತವೆಂದು ಯಾರೂ ಹೇಳಲಾರರು.

ಹೋಟೆಲಿನಿಂದ ಹೊರಬಿದ್ದ ಮೇಲೆ ಬಸ್ಸು ಹತ್ತಬೇಕಷ್ಟೆ. ಅಲ್ಲಿಯೂ ಮಗುವಿಗೆ ಪಾಠ ನಡೆಯುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆದು ಸ್ಥಳ ಹಿಡಿಯುವ ಕಲೆಯಲ್ಲಿ ಉತ್ತರ ಕರ್ನಾಟಕದವರನ್ನು ಮೀರಿಸುವವರಿಲ್ಲ. ಟವೆಲು ಸಾಲದೆ ಬಂದಾಗ ಮಗುವನ್ನೇ ಎತ್ತಿ ಕಿಟಕಿಯೊಳಗೆ ತೂರಿಸುವುದೂ ಉಂಟು. ಒಳಗೆ ಬಿದ್ದ ಮಗು ಎರಡು ಕೈ ಚಾಚಿ, ಅಜ್ಜಿಯೊಬ್ಬಳು ಬಂದು ನಿಂತರೂ “ಇದು ನಮ್ಮಪ್ಪಂದು” ಎಂದು ಕೂಗುತ್ತ ಕಾವಲು ಕಾಯುತ್ತದೆ. ಹಾಗೆ ಕಾಯ್ದುದಕ್ಕೆ ಅದಕ್ಕೆ ಶಾಬಾಸುಗಿರಿ! 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತ ಮೇಲೆ ಬಸ್ಸುಗಳಲ್ಲಿ ನೂಕುನುಗ್ಗಲು ಹೆಚ್ಚಿತೆಂದು ಗೊಣಗುವವರಿದ್ದಾರೆ; ಟವೆಲು ಅದಕ್ಕೂ ಹಿಂದಿನದು. ಆದರೆ ರೂಢಿಗಳು ಬದಲಾಗುವುದಿಲ್ಲವೆಂದು ಕೈಚೆಲ್ಲುವುದೂ ಸಲ್ಲದು. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ಹೋಟೆಲಿನ ಒಳಗೆ, ಬಸ್ಸಿನ ಒಳಗೆ ಬೀಡಿಯ ಹೊಗೆ ಸಹಜವಾಗಿದ್ದ ಕಾಲವೊಂದಿತ್ತು. ಬೀಡಿ ತರಲು ಮಕ್ಕಳನ್ನೇ ಅಟ್ಟುತ್ತಿದ್ದರು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ ನಿಯಮಗಳು ಜಾರಿಗೆ ಬಂದವು. ಇಂದು ಬಸ್ಸಿನೊಳಗೆ ಬೀಡಿ ಹಚ್ಚಿದವನನ್ನು ಪಕ್ಕದವರೇ ಕೆಳಗಿಳಿಸುವರು. ಬೀಡಿಗೆ ಆದುದು ಟವೆಲಿಗೆ ಆಗಬಾರದೆಂದಿಲ್ಲ.

ಪ್ರತಿ ವರ್ಷ ಚಳಿಗಾಲದಲ್ಲಿ ಶಾಲೆಗಳಿಂದ ಶೈಕ್ಷಣಿಕ ಪ್ರವಾಸಗಳು ಹೊರಡುತ್ತವೆ. ವಿಜಯಪುರದ ಗೋಳಗುಮ್ಮಟ, ಬಾದಾಮಿ, ಐಹೊಳೆ, ಪಟ್ಟದಕಲ್ಲು. ಉಪಾಧ್ಯಾಯರು ಚಾಲುಕ್ಯರ ವಿಷಯವನ್ನು ಹೇಳಿಕೊಡಲು ಸಿದ್ಧರಾಗಿ ಬರುವರು. ಐವತ್ತು ಮಕ್ಕಳು ಒಮ್ಮೆಗೇ ಒಂದು ಖಾನಾವಳಿಗೆ ನುಗ್ಗಿದಾಗ ಏನು ಮಾಡಬೇಕೆಂಬುದಕ್ಕೆ ಸಿದ್ಧತೆ ಇರುವುದಿಲ್ಲ. ಪ್ರವಾಸಕ್ಕೆ ಮೊದಲಿನ ಶನಿವಾರ ಶಾಲೆಯ ಪಡಸಾಲೆಯಲ್ಲಿಯೇ ಇದನ್ನು ಅಭ್ಯಾಸ ಮಾಡಿಸಬಹುದು. ಬಾಗಿಲಲ್ಲಿ ಸಾಲು ನಿಲ್ಲುವುದು, ಚಪ್ಪಲಿಯನ್ನು ದಾರಿಗೆ ಅಡ್ಡವಾಗದಂತೆ ಬಿಡುವುದು, ಬಡಿಸುವವರನ್ನು “ಅಣ್ಣಾರ”, “ಅಕ್ಕಾರ” ಎಂದು ಕರೆದು ಕೇಳುವುದು, ಬೇಡವಾದುದನ್ನು ಬಡಿಸುವ ಮೊದಲೇ ಬೇಡವೆನ್ನುವುದು. ಕಷ್ಟವಾದ ವಿದ್ಯೆಯೇನಲ್ಲ.

ಒಂದು ಕಡೆ ಮಾತ್ರ ತೊಡಕುಂಟು. ಪ್ರಸಾದ ನಿಲಯದಲ್ಲಿ ಬೆಳೆದ ಹುಡುಗ ಉಂಡ ಕೂಡಲೆ ತನ್ನ ತಾಟನ್ನು ಎತ್ತಿಕೊಂಡು ನಲ್ಲಿಯತ್ತ ನಡೆಯುವನು. ಖಾನಾವಳಿಯವನು ಅವನನ್ನು ತಡೆದು “ಇಡೋ ತಮ್ಮಾ, ಅದು ನಮ್ಮ ಕೆಲಸ” ಎನ್ನುವನು. ಹುಡುಗ ಗುರುಗಳ ಮುಖ ನೋಡುವನು. ಎತ್ತಿದರೆ ಇನ್ನೊಬ್ಬನ ಕಾಯಕದಲ್ಲಿ ಕೈ ಹಾಕಿದಂತೆ, ಬಿಟ್ಟರೆ ಕಲಿತದ್ದನ್ನು ಬಿಟ್ಟಂತೆ. ಇದಕ್ಕೆ ಎರಡು ಕಡೆಯೂ ವಾದ ಹೂಡಬಹುದು, ಹೂಡಿದವರೂ ಇದ್ದಾರೆ. ಅಲ್ಲಿಯ ತನಕ ಹುಡುಗ ತಾಟಿನ ಸುತ್ತ ಬಿದ್ದ ಅಗುಳುಗಳನ್ನು ಆಯ್ದು ಅದರಲ್ಲಿಯೇ ಹಾಕಿ, ಲೋಟವನ್ನು ಅದರೊಳಗಿಟ್ಟು, ಎತ್ತುವವನ ಕೈಗೆ ಎಟಕುವಂತೆ ಮೇಜಿನ ಅಂಚಿಗೆ ಸರಿಸಿ, ಹೊರಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬರಲಿ.